ಸೋಮವಾರದ ಎದೆಬಿಗಿತ

ನೂಲಿನ ಗಿರಣಿಯಲ್ಲಿ ಹಲವು ವರ್ಷ ದುಡಿದವರಿಗೆ ಸೋಮವಾರ ಭಾರದ ದಿನ. ವಾರದ ಸೂಟಿ ಮುಗಿಸಿ ಪಾಳಿಗೆ ಮರಳಿದ ದಿನವೇ ಎದೆ ಬಿಗಿಯುತ್ತದೆ, ಒಣಕೆಮ್ಮು ಹತ್ತುತ್ತದೆ, ಉಸಿರು ಸಾಲುವುದಿಲ್ಲ. ರೋಗ ಇನ್ನೂ ಎಳೆಯದಾಗಿದ್ದಾಗ ಮಂಗಳವಾರ, ಬುಧವಾರದ ಹೊತ್ತಿಗೆ ತಾನೇ ಇಳಿಯುತ್ತದೆ. ವರ್ಷಗಳು ಕಳೆದಂತೆ ವಾರವಿಡೀ ಉಳಿಯತೊಡಗುತ್ತದೆ. ಹತ್ತಿಯ ಧೂಳಿನಿಂದ ಬರುವ ಈ ಕಾಯಿಲೆಗೆ ಬಿಸ್ಸಿನೋಸಿಸ್ ಎಂದು ಹೆಸರು. ಅರಳೆ ಬಿಡಿಸುವ ಬ್ಲೋ ರೂಮ್ ಮತ್ತು ಕಾರ್ಡಿಂಗ್ ವಿಭಾಗದವರಿಗೆ ಇದರ ಅಪಾಯ ಹೆಚ್ಚು. ಹಾಜರಿ ಪುಸ್ತಕ ಹಿಡಿದವರಿಗೆ ಇದು ಕಾಣುವ ಬಗೆಯೇ ಬೇರೆ. 'ಭಾನುವಾರ ಸಾಲದಂತ, ಸೋಮವಾರಾನೂ ಬೇಕಂತ' ಎಂದು ಕೆಂಪು ಶಾಯಿಯಲ್ಲಿ ಗೈರು ಬೀಳುತ್ತದೆ.

ಈ ಮಾತನ್ನು ಹುಲಕೋಟಿಯಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಗದಗ–ಹುಬ್ಬಳ್ಳಿ ಹೆದ್ದಾರಿಯ ಈ ಊರು ಸಹಕಾರದಿಂದ ಹೆಸರಾದದ್ದು. 1905ರಲ್ಲಿ ದೇಶದಲ್ಲೇ ಮೊದಲೆನ್ನುವ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ಇದೇ ಗದಗ ತಾಲ್ಲೂಕಿನದು. 'ಹುಲಕೋಟಿ ಹುಲಿ' ಎಂದೇ ಜನ ಕರೆದ ಕೆ.ಎಚ್. ಪಾಟೀಲರ ಕಾಲದಲ್ಲಿ ಸಹಕಾರದ ನೂಲಿನ ಗಿರಣಿಯೂ ಇಲ್ಲಿ ತಲೆಯೆತ್ತಿತು. ಹತ್ತಿ ಬೆಳೆಯುವ ಎರೆಹೊಲ, ಹತ್ತಿ ನೂಲುವ ಗಿರಣಿ, ಆರಾಮಿಲ್ಲದವರು ಹೋಗುವ ದವಾಖಾನೆ, ಮೂರೂ ಒಂದೇ ಊರಿನ ಸುತ್ತ ಇರುವ ಕಡೆ ಗೈರಿನ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಮೊದಲ ಕಾರಣ ಕೆಲಸದ ಒಳಗೇ ಇರುತ್ತದೆ. ಧೂಳು ಒಂದೇ ಅಲ್ಲ. ಎಳೆ ಹರಿಯಬಾರದೆಂದು ನೂಲುವ ವಿಭಾಗದಲ್ಲಿ ಗಾಳಿಯನ್ನು ತೇವವಾಗಿಡುತ್ತಾರೆ. ಆ ಸೆಕೆಯಲ್ಲಿ, ಯಂತ್ರಗಳ ಸದ್ದಿನ ನಡುವೆ, ಪಾಳಿ ಮುಗಿಯುವ ತನಕ ನಿಂತೇ ಇರಬೇಕು. ರಾತ್ರಿಪಾಳಿ ಮಾಡಿ ಬಂದವನು ಏಪ್ರಿಲ್‌ನ ಹಗಲಲ್ಲಿ ತಗಡಿನ ಮಾಡಿನ ಕೆಳಗೆ ನಿದ್ದೆ ಮಾಡುವುದಾದರೂ ಹೇಗೆ? ಹೀಗೆ ಕೂಡಿಬಂದ ನಿದ್ದೆಯ ಸಾಲ ಒಂದು ದಿನ ಜ್ವರವಾಗಿಯೋ ತಲೆಸುತ್ತಾಗಿಯೋ ವಸೂಲಿಗೆ ಬರುತ್ತದೆ.

ಎರಡನೆಯದು ನೀರು. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಭಾಗದ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅದಕ್ಕಿಂತ ಹೆಚ್ಚಿನದನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದು ಬಹುಕಾಲ ಕುಡಿದರೆ ನಡುವಯಸ್ಸಿಗೇ ಕೀಲು, ಬೆನ್ನು ಬಿಗಿಯುತ್ತವೆ. ಹೊಲದ ಕೂಲಿ ಇರಲಿ, ಗಿರಣಿ ಇರಲಿ, ಬೆನ್ನು ಬಗ್ಗದವರಿಗೆ ಕೆಲಸ ಕೊಡುವವರು ಯಾರು?

ಮೂರನೆಯದನ್ನು ನಾವು ಒಪ್ಪಿಕೊಳ್ಳಲು ಹಿಂಜರಿಯುತ್ತೇವೆ. ಕಾಯಿಲೆಯ ಹೆಸರಿನಲ್ಲಿ ಹಾಕಿದ ರಜೆಯೆಲ್ಲ ಕಾಯಿಲೆಯದ್ದಲ್ಲ. ಮುಂಗಾರಿಗೆ ಹೆಸರು ಬಿತ್ತುವಾಗ, ಹಿಂಗಾರಿಗೆ ಕಡಲೆ, ಜೋಳ ಹಾಕುವಾಗ ಎರಡೆಕರೆ ಇರುವ ಕಾರ್ಮಿಕ ಹೊಲಕ್ಕೆ ಹೋಗಲೇಬೇಕು. ಹದ ತಪ್ಪಿದರೆ ವರ್ಷವೇ ತಪ್ಪಿತು. ಕಾರ್ಮಿಕರ ಸ್ಥಿತಿಗತಿ ಕುರಿತು 1931ರಲ್ಲಿ ವರದಿ ಕೊಟ್ಟ ವ್ಹಿಟ್ಲಿ ಆಯೋಗ ಕೂಡ ಭಾರತದ ಗಿರಣಿ ಕಾರ್ಮಿಕ ತನ್ನ ಹಳ್ಳಿಯ ನಂಟು ಬಿಡದವನೆಂದೇ ಗುರುತಿಸಿತ್ತು. ಹೆಣ್ಣುಮಕ್ಕಳದ್ದು ಇನ್ನೊಂದು ಬಗೆ. ಕೂಸಿಗೆ ವಾಂತಿ, ಅತ್ತೆಗೆ ದಮ್ಮು ಎಂದರೆ ರಜೆ ಸಿಗುವುದು ಕಷ್ಟ. ಆದ್ದರಿಂದ 'ನನಗ ಆರಾಮಿಲ್ರಿ' ಎನ್ನುತ್ತಾರೆ. ಅದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ್ದು ಸರಿಯಾದ ಹೆಜ್ಜೆ. ಕಾರಣವನ್ನು ಮುಚ್ಚಿಡದೆ ಹೇಳಿ ರಜೆ ಪಡೆಯುವ ದಾರಿ ಅದರಿಂದ ತೆರೆಯಿತು.

ಇನ್ನು ಕುರ್ಚಿಯ ಎತ್ತರ. ಲಂಡನ್ನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಎಲ್ಲಕ್ಕಿಂತ ಕೆಳದರ್ಜೆಯ ಗಂಡಸರ ಅನಾರೋಗ್ಯ ರಜೆ ಮೇಲ್ದರ್ಜೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚಿತ್ತು. ಅವರು ಧೂಳು ಕುಡಿದವರಲ್ಲ, ಕಚೇರಿಯಲ್ಲಿ ಕುಳಿತವರು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರು ಹೆಚ್ಚು ಕಾಯಿಲೆ ಬೀಳುತ್ತಾರೆಂಬುದು ಅಲ್ಲಿ ಕಂಡ ಸಂಗತಿ. ನೀರು ಕುಡಿಯಲು ಹೋಗುವುದಕ್ಕೂ ಅಪ್ಪಣೆ ಕೇಳಬೇಕಾದ ಕಡೆ ದೇಹ ಎಷ್ಟು ದಿನ ತಡೆದೀತು?

ನಮ್ಮ ದೇಶದಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ಆಸರೆ ಎಂದರೆ ಇಎಸ್‌ಐ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯಿಂದ ಮೊಳೆತು, 1948ರಲ್ಲಿ ಕಾಯ್ದೆಯಾದ ವಿಮೆ ಇದು. ಪಗಾರದಿಂದ ಶೇ 0.75, ಮಾಲೀಕರಿಂದ ಶೇ 3.25 ಕೂಡುತ್ತದೆ. ಅರ್ಹತೆ ಇದ್ದವರಿಗೆ ವರ್ಷಕ್ಕೆ 91 ದಿನಗಳ ತನಕ ಕೂಲಿಯ ಶೇ 70 ಸಿಗುತ್ತದೆ. ಕ್ಷಯದಂಥ ದೀರ್ಘ ಕಾಯಿಲೆಗೆ, ಅದಕ್ಕೆ ಬೇರೆಯೇ ಅರ್ಹತೆಯಿದ್ದರೆ, ಶೇ 80ರಂತೆ ಇನ್ನೂ ಮುಂದುವರಿಯುತ್ತದೆ. ಒಳ್ಳೆಯ ಯೋಜನೆ, ಆದರೆ ಒಂದು ಗಂಟಿದೆ. ಸಾಮಾನ್ಯವಾಗಿ ಕಾಯಿಲೆಯ ಮೊದಲ ಎರಡು ದಿನಕ್ಕೆ ಅದು ಹಣ ಕೊಡುವುದಿಲ್ಲ. ಎರಡು ದಿನದ ಜ್ವರ ಬಂದವನು ಹಾಗಾಗಿ ಗುಳಿಗೆ ನುಂಗಿ ಪಾಳಿಗೆ ಬರುತ್ತಾನೆ. ಪಕ್ಕದವನಿಗೂ ಅಂಟಿಸುತ್ತಾನೆ. ಮುಂದೆ ತಾನೇ ಹತ್ತು ದಿನ ಮಲಗುತ್ತಾನೆ. ಕ್ಷಯದ ಕೆಮ್ಮನ್ನು ಧೂಳಿನ ಕೆಮ್ಮೆಂದು ತಿಳಿದು ಕೂಲಿಗಂಜಿ ತಿಂಗಳುಗಟ್ಟಲೆ ಕಳೆದರೆ ಹಾನಿ ಇನ್ನೂ ದೊಡ್ಡದು.

ಇಷ್ಟೂ ಲೆಕ್ಕ ಹಾಜರಿ ಪುಸ್ತಕ ಇರುವವರದ್ದು. ಬೆಟಗೇರಿಯ ನೇಕಾರ ಮಗ್ಗ ನಿಲ್ಲಿಸಿದ ದಿನ ಯಾರ ಪುಸ್ತಕದಲ್ಲೂ ಗೈರು ಬೀಳುವುದಿಲ್ಲ. ಅಂದಿನ ಮಜೂರಿ ಮಾತ್ರ ಬೀಳುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಕಳೆ ತೆಗೆಯಲು ಹೋಗುವ ಹೆಣ್ಣಾಳುಗಳ ಜ್ವರವನ್ನು ಎಣಿಸಿದವರೇ ಇಲ್ಲ. ಅವರ ಗೈರು ಕಡಿಮೆ ಎಂದು ಕಂಡರೆ ಆರೋಗ್ಯ ಚೆನ್ನಾಗಿದೆ ಎಂದಲ್ಲ, ಮಲಗುವ ಅನುಕೂಲವಿಲ್ಲ ಎಂದು ತಿಳಿಯಬೇಕು.

ಗದಗಿನ ಅಂಗಡಿ, ಪ್ರೆಸ್ಸು, ಜಿನ್ನಿಂಗ್ ಫ್ಯಾಕ್ಟರಿ ನಡೆಸುವ ಓದುಗರಲ್ಲಿ ಒಂದು ವಿನಂತಿ. ಆಳು ಮತ್ತೆ ಮತ್ತೆ ಸೋಮವಾರವೇ ತಪ್ಪಿಸುತ್ತಿದ್ದರೆ ಬೈಯುವ ಮೊದಲು ಅವರ ಎದೆ ಪರೀಕ್ಷೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆಗೆ ಕಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣ ಬೇಕಿಲ್ಲ. ಜ್ವರದ ಮೊದಲ ಎರಡು ದಿನದ ಕೂಲಿಯನ್ನು ನೀವೇ ಕೊಡಿ.