ವಂಶವಾಹಿಯಲ್ಲಿ ದೋಷವಿದ್ದರೆ ವಂಶಕ್ಕೇ ದೋಷವೇ?

ಹೆಣ್ಣು ನೋಡುವ ಮಾತು ಬಂದಾಗ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮನೆತನ ವಿಚಾರಿಸುವುದು ವಾಡಿಕೆ. ಆಸ್ತಿ, ನಡತೆ, ನೆಂಟರಿಷ್ಟರು ಎಲ್ಲಾ ಆದ ಮೇಲೆ ಕಾಯಿಲೆಯ ವಿಷಯ ಬರುತ್ತದೆ. "ಹುಡುಗಿ ತಾಯಿಗೆ ಬ್ಲಡ್ ಕ್ಯಾನ್ಸರ್ ಅಂತೆ ಕಣಕ್ಕ, ಅದು ವಂಸದಲ್ಲೇ ಬತ್ತದಂತೆ" ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಮಾತುಕತೆ ಅಲ್ಲಿಗೇ ನಿಂತೀತು. ಈ ಹೆದರಿಕೆಗೇ ರೋಗವನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟು ಚಿಕಿತ್ಸೆಯನ್ನೂ ತಡ ಮಾಡುವವರಿದ್ದಾರೆ.

ಸೋದರಿಯರೇ, ಈ ಭಯಕ್ಕೆ ನಮ್ಮ ಭಾಷೆಯ ಒಂದು ಪದವೂ ಕಾರಣವಿರಬಹುದು! 'ಜೀನ್' ಎಂಬುದನ್ನು ಕನ್ನಡದಲ್ಲಿ 'ವಂಶವಾಹಿ' ಎನ್ನುತ್ತೇವೆ. "ವಂಶವಾಹಿಯಲ್ಲಿ ದೋಷವಿದೆ" ಎಂದು ಡಾಕ್ಟರು ಹೇಳಿದರೆ ನಮ್ಮ ಕಿವಿಗೆ ಬೀಳುವುದು 'ವಂಶ', 'ದೋಷ' ಎರಡೇ. ನಿಜ ಸಂಗತಿ ಬೇರೆ.

ಅಡುಗೆ ಪುಸ್ತಕದ ಹಾಳೆಗಳು

ನಮ್ಮ ಮೈಯ ಬಹುಪಾಲು ಜೀವಕೋಶಗಳಲ್ಲಿ ಒಂದೊಂದು ಅಡುಗೆ ಪುಸ್ತಕವಿದೆ ಎಂದುಕೊಳ್ಳಿ. ಅದರಲ್ಲಿ 23 ಜೊತೆ ಹಾಳೆಗಳು. ಇವೇ ವರ್ಣತಂತುಗಳು. ಹಾಳೆಯ ಮೇಲೆ ಬರೆದಿರುವ ಒಂದೊಂದು ಪಾಕವಿಧಾನವೂ ಒಂದೊಂದು ಜೀನ್. ಮೂಳೆಯೊಳಗಿನ ಮಜ್ಜೆಯಲ್ಲಿ ದಿನವೂ ಕೋಟಿಗಟ್ಟಲೆ ಹೊಸ ರಕ್ತಕಣಗಳು ಹುಟ್ಟುತ್ತವೆ. ಪ್ರತಿ ಸಲವೂ ಪುಸ್ತಕ ನಕಲಾಗಬೇಕು. ಆಗ ಎಲ್ಲೋ ಒಂದು ಹಾಳೆ ಹರಿದು, ಬೇರೆ ಹಾಳೆಗೆ ಅಂಟಿಕೊಂಡರೆ?

ಅದನ್ನು ಕಂಡುಹಿಡಿದವರು ಅಮೆರಿಕದ ಷಿಕಾಗೋ ನಗರದ ಡಾ. ಜಾನೆಟ್ ರೌಲಿ. ನಾಲ್ವರು ಗಂಡುಮಕ್ಕಳ ತಾಯಿ! ಮಕ್ಕಳು ಚಿಕ್ಕವರಿದ್ದಾಗ ವಾರದಲ್ಲಿ ಕೆಲವು ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ವರ್ಣತಂತುಗಳ ಫೋಟೋ ಮನೆಗೆ ತಂದು, ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರು. 'ಅಮ್ಮ ಕಾಗದದ ಗೊಂಬೆ ಆಡ್ತಾಳೆ' ಅಂತ ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ 9 ಮತ್ತು 22ನೆಯ ಹಾಳೆಗಳ ತುಂಡುಗಳು ಅದಲು ಬದಲಾಗಿವೆ ಎಂದು ಅವರು 1973ರಲ್ಲಿ ಪ್ರಕಟಿಸಿದರು. ಆ ಅದಲು ಬದಲು ಇರುವುದು ರಕ್ತದ ಕಣಗಳಲ್ಲಿ ಮಾತ್ರ. ಅದೇ ರೋಗಿಯ ಚರ್ಮದ ಕೋಶಗಳಲ್ಲಿ ಹಾಳೆಗಳು ಸರಿಯಾಗೇ ಇರುತ್ತವೆ. ಅಂದರೆ ಅದು ಹುಟ್ಟಿನಿಂದ ಬಂದದ್ದಲ್ಲ, ನಡುವೆ ಆದದ್ದು.

ಬೆಂಗಳೂರಿನ ಸಂಶೋಧನೆ

ಹಾಳೆ ಹರಿಯುವುದಾದರೂ ಏಕೆ? ಇದನ್ನು ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸತೀಶ್ ಸಿ. ರಾಘವನ್ ಒಬ್ಬರು. ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಬೆಳೆಯುವಾಗ ತಮ್ಮದೇ ಹಾಳೆಯನ್ನು ಕತ್ತರಿಸಿ ಜೋಡಿಸಿಕೊಳ್ಳುವುದು ಸಹಜ. ಆದರೆ 18ನೆಯ ಹಾಳೆಯಲ್ಲಿ ಒಂದು ಜಾಗ ವಿಚಿತ್ರವಾಗಿ ಮಡಿಸಿಕೊಳ್ಳುತ್ತದೆ. ಕತ್ತರಿ ತಪ್ಪಿ ಅಲ್ಲೂ ಆಡಿಬಿಡುತ್ತದೆ! ಈ ವಿಷಯವನ್ನು ಅವರು ಅಮೆರಿಕದಲ್ಲಿ ಮೈಕೆಲ್ ಲೀಬರ್ ಜೊತೆಗಿದ್ದಾಗ, 2004ರಲ್ಲಿ, ಪ್ರಕಟಿಸಿದರು. ಆ ತುಂಡು 14ನೆಯ ಹಾಳೆಗೆ ಅಂಟಿದರೆ, ಸಾಯಬೇಕಾದ ಕಣ ಸಾಯದೆ ಉಳಿಯುತ್ತದೆ. ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ ಇದೇ ಮೊದಲ ಹೆಜ್ಜೆ. 2013ರಲ್ಲಿ ರಾಘವನ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಬೆಂಗಳೂರಿನಲ್ಲಿ ಅವರೂ ಸಂಶೋಧಕಿ ಮೃದುಲಾ ನಂಬಿಯಾರ್ ಅವರೂ ಆರೋಗ್ಯವಂತ ಭಾರತೀಯರ ರಕ್ತವನ್ನು ಪರೀಕ್ಷಿಸಿದಾಗ, ಹಲವರ ಕೆಲವು ಕಣಗಳಲ್ಲಿ ಇದೇ ಅದಲು ಬದಲು ಕಂಡಿತು. ಅವರಿಗೆ ಯಾವ ರೋಗವೂ ಇರಲಿಲ್ಲ! ಹಾಗಾದರೆ ಯಾರ ವಂಶಕ್ಕೆ ಹೆಸರಿಡೋಣ, ಹೇಳಿ?

ನೀವು ತಿಳಿದಿರಬೇಕಾದದ್ದು

ರಕ್ತದ ಕಣದಲ್ಲಿ ಹರಿದ ಹಾಳೆ ತಾಯಿಯ ಅಂಡಕ್ಕೆ ಹೋಗುವುದಿಲ್ಲ, ಮಗುವಿಗೆ ದಾಟುವುದಿಲ್ಲ. ಹಾಗೆಯೇ ಇದು ಅಂಟುರೋಗವೂ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಕೆಲವೇ ಕುಟುಂಬಗಳಲ್ಲಿ ರಕ್ತಸಂಬಂಧಿಗಳಲ್ಲಿ ಹಲವರಿಗೆ ಬರುವುದುಂಟು. ಹಾಗಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಮಜ್ಜೆ ಬದಲಿ ಚಿಕಿತ್ಸೆಗೆಂದು ಅಣ್ಣತಮ್ಮ, ಅಕ್ಕತಂಗಿಯರ ರಕ್ತ ಪರೀಕ್ಷಿಸಿದರೆ "ನಮಗೂ ಬಂದಿದೆಯೇನೋ" ಎಂದು ಗಾಬರಿ ಬೇಡ. ಅದು ರೋಗ ಹುಡುಕುವುದಕ್ಕಲ್ಲ. ಯಾರ ಮಜ್ಜೆ ಹೊಂದುತ್ತದೆ ಎಂದು ನೋಡುವುದಕ್ಕೆ.

ರೌಲಿ ಕಂಡ ದೋಷವನ್ನೇ ಗುರಿಯಿಟ್ಟು ಮಾಡಿದ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ, ಭಾರತದ ಕಂಪನಿಗಳು ಅದನ್ನು ಕಡಿಮೆ ಬೆಲೆಗೆ ಮಾಡಲು ಅಡ್ಡಿಯಿಲ್ಲವಾಯಿತು. ಮಾತ್ರೆ ನುಂಗುತ್ತಾ ಮನೆಗೆಲಸ, ಹೊಲದ ಕೆಲಸ ಮಾಡಿಕೊಂಡಿರುವವರು ಎಷ್ಟೋ ಮಂದಿ. ಆದರೆ "ಈಗ ಚೆನ್ನಾಗಿದ್ದೀನಲ್ಲ" ಅಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ರೋಗ ಮತ್ತೆ ತಲೆಯೆತ್ತೀತು.

ಬಿಡದ ಜ್ವರ, ದಿನದಿನಕ್ಕೆ ಬಿಳಚಿಕೊಳ್ಳುವುದು, ಏಟು ಬೀಳದೆಯೇ ಮೈಮೇಲೆ ಕಂದು, ವಸಡಿನಲ್ಲಿ ರಕ್ತ, ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು, ಇವು ಕಂಡರೆ ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಬೇಕಾದರೆ ಅಲ್ಲಿಂದಲೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಳಿಸುತ್ತಾರೆ. ಡಾಕ್ಟರು 'ವಂಶವಾಹಿ' ಎಂದಾಗ, "ಇದು ಹುಟ್ಟಿನಿಂದ ಬಂದದ್ದೋ, ನಡುವೆ ಆದದ್ದೋ?" ಎಂದು ಕೇಳಲು ಸಂಕೋಚಪಡಬೇಡಿ. ಆ ಉತ್ತರವನ್ನು ಬೀಗರ ಮನೆಯವರಿಗೂ ಧೈರ್ಯವಾಗಿ ಹೇಳಿ.