ಎಣ್ಣೆ ಸೋಕಬಾರದ ರಿಪೇರಿ

ಗ್ಯಾರೇಜಿನಲ್ಲಿ ಬಿಗಿದುಕೊಂಡ ನಟ್ಟಿಗೆಲ್ಲ ಮೊದಲ ಮದ್ದು ಎಣ್ಣೆ. ಅದೇ ಗ್ಯಾರೇಜಿನ ಮೂಲೆಯಲ್ಲಿ ನಿಂತ ಕಪ್ಪು ಆಕ್ಸಿಜನ್ ಸಿಲಿಂಡರಿನ ರೆಗ್ಯುಲೇಟರಿಗೆ ಮಾತ್ರ ಆ ಮದ್ದೇ ವಿಷ. ಅಧಿಕ ಒತ್ತಡದ ಆಕ್ಸಿಜನ್ನಿಗೆ ಎಣ್ಣೆ, ಗ್ರೀಸು ತಾಗಿದರೆ ಬೆಂಕಿ ಹಚ್ಚುವವರೇ ಬೇಕಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ಪಳಗಿದ ರಿಪೇರಿಗಾರರು ಮೊದಲು ಕೈ ತೊಳೆಯುತ್ತಾರೆ, ಆಮೇಲೆ ಸ್ಪ್ಯಾನರ್ ಹಿಡಿಯುತ್ತಾರೆ.

ತುಂಬಿದ ಆಕ್ಸಿಜನ್ ಸಿಲಿಂಡರಿನೊಳಗೆ ಸುಮಾರು 150 ಬಾರ್ ಒತ್ತಡವಿರುತ್ತದೆ. ಸಾಮಾನ್ಯ ವೆಲ್ಡಿಂಗ್ ಟಾರ್ಚಿಗೆ ಬೇಕಾದದ್ದು ಕೆಲವೇ ಬಾರ್. ಜೊತೆಗಿರುವ ಮರೂನ್ ಬಣ್ಣದ ಅಸಿಟಿಲಿನ್ ಸಿಲಿಂಡರಿನ ರೆಗ್ಯುಲೇಟರಿನಿಂದ ಹೊರಬರುವ ಒತ್ತಡವಂತೂ 1 ಬಾರ್ ದಾಟಬಾರದು. ದಾಟಿದರೆ ಆ ಅನಿಲ ಆಕ್ಸಿಜನ್ ಇಲ್ಲದೆಯೂ ಸಿಡಿಯಬಲ್ಲದು. ಸಿಲಿಂಡರಿನ ಒತ್ತಡ ಮತ್ತು ಟಾರ್ಚಿನ ಒತ್ತಡಗಳ ನಡುವೆ ಕಾವಲಿರುವುದು ರೆಗ್ಯುಲೇಟರಿನೊಳಗಿನ ಅಂಗೈಯಗಲದ ಒಂದು ಡಯಾಫ್ರಾಮ್. ನಾಬ್ ತಿರುಗಿಸಿದರೆ ಸ್ಪ್ರಿಂಗ್ ಅದನ್ನು ಒತ್ತಿ ವಾಲ್ವ್ ತೆರೆಸುತ್ತದೆ; ಒಳಬಂದ ಗ್ಯಾಸು ಅದನ್ನೇ ಹಿಂದಕ್ಕೆ ತಳ್ಳಿ ವಾಲ್ವ್ ಮುಚ್ಚಿಸುತ್ತದೆ. ಈ ಜಗ್ಗಾಟ ಸರಿಸಮವಾಗಿ ನಿಂತಾಗ ಜ್ವಾಲೆ ಅಲುಗಾಡದೆ ಉರಿಯುತ್ತದೆ.

ರೋಗ ಪತ್ತೆಗೆ ಗೇಜಿನ ಮುಳ್ಳೇ ಸಾಕ್ಷಿ. ಟಾರ್ಚ್ ಮುಚ್ಚಿದ ಮೇಲೂ ಹೊರದಾರಿಯ ಗೇಜಿನ ಮುಳ್ಳು ಮೆಲ್ಲಗೆ ಏರುತ್ತಿದ್ದರೆ, ವಾಲ್ವಿನ ಸೀಟ್ ಪೂರ್ತಿ ಮುಚ್ಚುತ್ತಿಲ್ಲ ಎಂದರ್ಥ. ಬಹುಪಾಲು ಸಲ ಅಲ್ಲಿ ಕೂತಿರುವುದು ಸಿಲಿಂಡರ್ ಬಾಯಿಂದ ಬಂದ ಧೂಳಿನ ಕಣವೋ ಲೋಹದ ಚೂರೋ. ಸ್ಪ್ರಿಂಗನ್ನು ಮುಚ್ಚಿರುವ ಬಾನೆಟ್ಟಿನ ರಂಧ್ರದಿಂದ ಗ್ಯಾಸು ಬಂದರೆ ಡಯಾಫ್ರಾಮ್ ಬಿರುಕು ಬಿಟ್ಟಿದೆ. ಒತ್ತಡ ಪೂರ್ತಿ ಇಳಿಸಿದರೂ ಮುಳ್ಳು ಸೊನ್ನೆಗೆ ಮರಳದಿದ್ದರೆ ಗೇಜೇ ಕೆಟ್ಟಿದೆ. ಅದನ್ನು ಬದಲಿಸುವುದೊಂದೇ ದಾರಿ.

ಬಿಚ್ಚುವ ಕ್ರಮಕ್ಕೂ ಶಿಸ್ತಿದೆ. ಸಿಲಿಂಡರಿನ ವಾಲ್ವ್ ಮುಚ್ಚಿ, ಉಳಿದ ಒತ್ತಡ ಹೊರಬಿಟ್ಟು, ಸಿಲಿಂಡರಿನಿಂದ ಕಳಚಿ, ನಾಬ್ ಪೂರ್ತಿ ಸಡಿಲಿಸದೆ ಬಾನೆಟ್ಟಿಗೆ ಕೈ ಹಾಕುವಂತಿಲ್ಲ. ಸ್ಪ್ರಿಂಗ್, ಡಯಾಫ್ರಾಮ್, ಸೀಟ್ ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುತ್ತಾರೆ. ಆಕ್ಸಿಜನ್‌ಗೆ ಒಪ್ಪುವ ದ್ರಾವಕದಿಂದ ಒರೆಸಿ, ಕಂಪನಿಯ ಕಿಟ್ಟಿನಲ್ಲಿರುವ ಸೀಟನ್ನೇ ಕೂರಿಸುತ್ತಾರೆ. ಹಳೆ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕುವ ಚಾಕಚಕ್ಯತೆ ಇಲ್ಲಿ ಗುಣವಲ್ಲ, ಅಪರಾಧ. ಅಸಿಟಿಲಿನ್ ರೆಗ್ಯುಲೇಟರಿಗೆ ಶುದ್ಧ ತಾಮ್ರದ ಭಾಗ ಜೋಡಿಸುವಂತಿಲ್ಲ. ತಾಮ್ರ ಮತ್ತು ಅಸಿಟಿಲಿನ್ ಕೂಡಿ ತಟ್ಟಿದರೆ ಸಿಡಿಯುವ ವಸ್ತುವಾಗುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರಬಾರದೆಂದೇ ಅಸಿಟಿಲಿನ್ನಿಗೆ ಎಡಗಡೆ ಥ್ರೆಡ್, ಆಕ್ಸಿಜನ್ನಿಗೆ ಬಲಗಡೆ ಥ್ರೆಡ್ ಇಟ್ಟಿದ್ದಾರೆ. ಜೋಡಿಸಿದ ಮೇಲೆ ಎಣ್ಣೆಯಂಶವಿಲ್ಲದ ನೈಟ್ರೋಜನ್ ಹಾಯಿಸಿ, ಸೋರಿಕೆ ಪತ್ತೆಯ ದ್ರಾವಣ ಸವರಿ ಗುಳ್ಳೆ ಏಳುವುದೇ ಎಂದು ಕಾಯುತ್ತಾರೆ.

ಬಳಸುವವರ ಪಾಲೂ ಇದೆ. ರೆಗ್ಯುಲೇಟರ್ ಕೂರಿಸುವ ಮುನ್ನ ಆಕ್ಸಿಜನ್ ಸಿಲಿಂಡರಿನ ವಾಲ್ವನ್ನು ಒಂದು ಕ್ಷಣ ತೆರೆದು ಮುಚ್ಚಿ ಧೂಳು ಹಾರಿಸಿ. ಕೂರಿಸಿದ ಮೇಲೆ ನಾಬ್ ಸಡಿಲವಿದೆಯೇ ನೋಡಿ, ಪಕ್ಕಕ್ಕೆ ನಿಂತು ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಗ್ಯಾಸು ಒಮ್ಮೆಲೇ ನುಗ್ಗಿದರೆ ಒತ್ತಡದ ಬಿಸಿಗೇ ಸೀಟ್ ಸುಡಬಹುದು. ಮುಳ್ಳು ತಾನಾಗಿ ಏರುವುದು ಕಂಡ ದಿನವೇ ಕೆಲಸ ನಿಲ್ಲಿಸಿ, ಬಲ್ಲವರ ಕೈಗೆ ಕೊಡಿ. ಕಲಿಯದೆ ಬಾನೆಟ್ ಬಿಚ್ಚಬೇಡಿ.