ಉಳುಕಿದ ಕಾಲು, ಒಂಟಿಕಾಲ ನಿಲುವು

ಪುಣೆಯ ಖಡ್ಕಿಯಲ್ಲಿ ಭೂಸೇನೆಯ ಬಾಂಬೆ ಸ್ಯಾಪರ್ಸ್ ಕೇಂದ್ರವಿದೆ. ಖಡಕವಾಸ್ಲಾದಲ್ಲಿ 1955ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಎರಡೂ ಕಡೆ ಹೊಸಬರಿಗೆ ಓಟ, ಕವಾಯತು, ಬೆನ್ನ ಮೇಲಿನ ಭಾರ ತಪ್ಪಿದ್ದಲ್ಲ. ಸೈನ್ಯದ ಭರ್ತಿಯಲ್ಲಿ 1.6 ಕಿ.ಮೀ. ಓಟ, 9 ಅಡಿ ಹಳ್ಳದ ಜಿಗಿತ ಇರ್ತದೆಂದು ನಮ್ಮ ಹುಡುಗರು ತಿಂಗಳುಗಟ್ಟಲೆ ಓಡ್ತಾರೆ. ಕಣಕಾಲಿಗೆಂದು ಬೇರೆ ಸಾಧನೆ ಮಾಡುವವರು ಅಪರೂಪ.

ಉಳುಕು ಹೆಚ್ಚಾಗಿ ಆಗುವುದು ಪಾದ ಒಳಕ್ಕೆ ಮಗುಚಿದಾಗ. ಹೊರಮಗ್ಗುಲ ಲಿಗಮೆಂಟು, ಅಂದರೆ ಎಲುಬಿಗೆ ಎಲುಬು ಬಿಗಿದ ನಾರು, ಎಳೆಯುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಪಾದ ಎತ್ತ ವಾಲಿದೆಯೆಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳೂ ಆ ನಾರಿನಲ್ಲಿವೆ. ಬಾವು ಇಳೀತು, ವಾಸಿಯಾಯ್ತು ಅಂತೀವಿ. ಸುದ್ದಿ ಮಾತ್ರ ಸರಿಯಾಗಿ ಮುಟ್ಟುತ್ತಿರುವುದಿಲ್ಲ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕಲು ಇದೂ ಒಂದು ಕಾರಣ. ಜೊತೆಯವರಿಗಿಂತ ಹಿಂದೆ ಬಿದ್ದೇನೆಂದು ನೋವು ಮುಚ್ಚಿಟ್ಟು ಓಡುವವನ ಪಾಡು ಕೇಳಲೇಬೇಡಿ.

ಮದ್ದು ಬಿಟ್ಟಿಯದು. ದಿನಾ ಅರ್ಧ ನಿಮಿಷ ಒಂಟಿಕಾಲಲ್ಲಿ ನಿಲ್ಲಬೇಕು. ರೂಢಿಯಾದ ಮೇಲೆ ಕಣ್ಮುಚ್ಚಿ, ಆಮೇಲೆ ಮಡಿಸಿದ ಕಂಬಳಿಯ ಮೇಲೆ. ಹಲ್ಲುಜ್ಜುವಾಗ ನಿಂತರೂ ಆದೀತು, ನೋಡಿದವರು ನಕ್ಕರೆ ನಗಲಿ! ಜೊತೆಗೆ ಹಿಮ್ಮಡಿ ಎತ್ತಿ ಇಳಿಸುವುದು, ಪಾದದ ಹೊರ ಅಂಚನ್ನು ಗೋಡೆಗೆ ಒತ್ತುವುದು. ಹಿಂದೆ ಉಳುಕಿಸಿಕೊಂಡವರಿಗೆ ಇದರ ಫಲ ಹೆಚ್ಚು. ಹೊಸದಾಗಿ ಉಳುಕಿ, ಕಾಲೂರಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಮಾತ್ರ ವ್ಯಾಯಾಮ ಬೇಡ. ಎಲುಬು ಮುರಿದಿರಬಹುದು, ಎಕ್ಸ್‌ರೇ ತೆಗೆಸಬೇಕು.